ಬಂಡಿ ಮುನಿಯಪ್ಪನಿಗೆ ಹೆಡ್‌ಲೈಟು

ಆ ವರ್ಷ ಕಾರ್ತಿಕದ ಹುಣ್ಣಿಮೆ ಭಾನುವಾರ ಬಿತ್ತು. ಚಂದ್ರನಿಗೇನೋ ವಾರದ ರಜೆಯಿಲ್ಲ. ಆದರೆ ಕಾರಿನ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಭಾನುವಾರ ರಜೆ. ಚಿಕ್ಕಮುನಿಯಪ್ಪನ ಕಾರಿನ ಹೆಡ್‌ಲೈಟು ಅದನ್ನೇ ಕಾದಿದ್ದ ಹಾಗೆ, ಶನಿವಾರ ರಾತ್ರಿ ಆ ಅಂಗಡಿಗಳೆಲ್ಲ ಬಾಗಿಲು ಎಳೆದ ಮೇಲೆ ಎರಡೂ ಕಣ್ಣನ್ನು ಒಟ್ಟಿಗೇ ಮುಚ್ಚಿಕೊಂಡಿತು.

ಚಿಕ್ಕಮುನಿಯಪ್ಪ ಕಲಾಸಿಪಾಳ್ಯದಲ್ಲಿ ನಲವತ್ತು ವರ್ಷ ತರಕಾರಿ ಮಂಡಿ ನಡೆಸಿದವನು. ಈಗ ಮಂಡಿಯನ್ನು ಮಗ ಧರ್ಮೇಂದ್ರನಿಗೆ ಬಿಟ್ಟು, ಚಾಮರಾಜಪೇಟೆಯ ಮನೆಯಲ್ಲಿ ಬೆಳಿಗ್ಗೆ ಪೂಜೆ, ಸಂಜೆ ಒಂದು ಸುತ್ತು ನಡಿಗೆ, ನಡುವೆ ಗೇಟಿನೊಳಗೆ ನಿಂತ ಹದಿನೆಂಟು ವರ್ಷದ ಬಿಳಿ ಕಾರನ್ನು ಒರೆಸುವುದು, ಹೀಗೆ ದಿನ ಕಳೆಯುತ್ತಿದ್ದ. ಕಾರಿನ ಹೊಳಪಿಗೆ ಕೊರತೆಯಿರಲಿಲ್ಲ. ಈಗ ಬೆಳಕಿಗೆ ಕೊರತೆಯಾಗಿತ್ತು.

ಬೆಳಿಗ್ಗೆ ಎಂಟಕ್ಕೇ ಮೆಕ್ಯಾನಿಕ್ ದಾಸಪ್ಪನಿಗೆ ಫೋನು ಹಚ್ಚಿದ. ದಾಸಪ್ಪ ಯಾವುದೋ ಮದುವೆಯ ಛತ್ರದಲ್ಲಿದ್ದ. ಹಿಂದೆ ಓಲಗ ಕೇಳುತ್ತಿತ್ತು.

"ಎರಡೂ ಒಟ್ಗೇ ಹೋಯ್ತು ಅಂದ್ರೆ ವೈರಿಂಗೇ ಹೋಗಿರ್ತೈತೆ ಯಜಮಾನ್ರೇ. ಹಳೇ ಗಾಡಿ. ಪೂರ್ತಿ ಬಿಚ್ಬೇಕು. ಬುಧವಾರ ತಗೊಂಬನ್ನಿ."

"ಬುಧವಾರ ಕಟ್ಕೊಂಡು ಏನ್ಮಾಡ್ಲಯ್ಯ? ನಂಗೆ ಇವತ್ತು ಸಂಜೆ ಬೇಕು ಬೆಳಕು."

"ಇವತ್ತು ನಾನೇ ಇಲ್ವಲ್ಲ. ತಿಂಡಿಗೆ ಕರೀತವ್ರೆ ಯಜಮಾನ್ರೇ, ಇಡ್ಲಾ?"

ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಪಿಳ್ಳಮ್ಮ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಚಿಕ್ಕಮುನಿಯಪ್ಪನ ಅಕ್ಕ. ವಯಸ್ಸು ಎಂಬತ್ತು ದಾಟಿತ್ತು. ಕಣ್ಣಿಗೆ ಈಗ ಬೆಳಕು, ನೆರಳು ಎರಡೇ ಗೊತ್ತು. ಕಿವಿ ಮಾತ್ರ ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಹೇಳುವಷ್ಟು ಚುರುಕು.

"ಏನಂತೋ ಚಿಕ್ಕಾ?"

"ಬುಧವಾರ ಅಂತೆ ಅಕ್ಕ."

"ಬುಧವಾರದ ತನಕ ಹುಣ್ಣಿಮೆ ಕಾಯ್ತದಾ?" ಎಂದು ಪಿಳ್ಳಮ್ಮ ಇನ್ನೊಂದು ಬತ್ತಿಗೆ ಹತ್ತಿ ಎಳೆದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಿಲ್ಲದ್ದೇ ತಮ್ಮನಿಗೆ ಹೆಚ್ಚು ನಾಟಿತು.

ಆ ಮನೆಯಲ್ಲಿ ಕಾರ್ತಿಕ ಹುಣ್ಣಿಮೆಗೆ ಒಂದು ಕಥೆಯಿದೆ. ಇವರ ಮುತ್ತಾತ ಸೊಪ್ಪು, ಬದನೆ ಹೇರಿದ ಬಂಡಿ ಹೊಡೆದುಕೊಂಡು ಆನೇಕಲ್ ಕಡೆಯಿಂದ ಪೇಟೆಗೆ ಬರುತ್ತಿದ್ದನಂತೆ. ಬಂಡಿಯ ಅಚ್ಚಿನ ಕೆಳಗೆ ಒಂದು ಲಾಟೀನು ತೂಗುತ್ತಿತ್ತು; ಎತ್ತಿನ ಕಾಲುಗಳ ನೆರಳು ದಾರಿಯುದ್ದಕ್ಕೂ ಮುಂದೆ ಮುಂದೆ ನಡೆಯುತ್ತಿತ್ತು. ಒಂದು ಕಾರ್ತಿಕದಲ್ಲಿ, ಮೋಡ ಕವಿದ ಹುಣ್ಣಿಮೆಯ ದಿನ, ಗಾಳಿಗೆ ಲಾಟೀನು ಆರಿತು. ಬೆಂಕಿಪೆಟ್ಟಿಗೆ ನೆನೆದಿತ್ತು. ಎತ್ತುಗಳು ಹೆಜ್ಜೆ ಕೀಳಲೊಲ್ಲವು. ಮುತ್ತಾತ ನೊಗ ಹಿಡಿದು "ಅಪ್ಪಾ" ಎಂದ. ಆಗ ದಾರಿಯ ಪಕ್ಕದಲ್ಲಿ ಬೀಡಿಯ ಕೆಂಡವೊಂದು ಕಂಡಿತು. ಯಾರೋ ಕೂತಿದ್ದರು. "ಬೆಂಕಿ ಬೇಕೇನಪ್ಪಾ?" ಎಂದು ಕೈ ಚಾಚಿದರು. ಲಾಟೀನು ಹತ್ತಿಸಿಕೊಂಡು, ಮುಖ ನೋಡೋಣವೆಂದು ಎತ್ತಿ ಹಿಡಿದರೆ ಅಲ್ಲಿ ಮನುಷ್ಯನಿಲ್ಲ. ಮೊಣಕಾಲೆತ್ತರದ ಒಂದು ಕಲ್ಲು. ಕಲ್ಲಿನ ಮುಂದೆ ಸೇದಿ ಬಿಟ್ಟ ಬೀಡಿಯ ತುಂಡು.

ಅಂದಿನಿಂದ ಆ ಕಲ್ಲು ಬಂಡಿ ಮುನಿಯಪ್ಪ. ಧರ್ಮೇಂದ್ರನ ಹಿಂದಿನ ತಲೆಮಾರಿನವರೆಗೂ ಮನೆಯ ಗಂಡುಮಕ್ಕಳ ಹೆಸರೆಲ್ಲ ಅವನದೇ. ವರ್ಷಕ್ಕೊಮ್ಮೆ, ಕಾರ್ತಿಕ ಹುಣ್ಣಿಮೆಯ ಮುಸ್ಸಂಜೆ, ಮನೆಯ ಗಾಡಿ ತನ್ನ ದೀಪ ಉರಿಸಿಕೊಂಡೇ ಅವನ ಮುಂದೆ ಬಂದು ನಿಲ್ಲಬೇಕು. ಅವನಿಗೊಂದು ಹಣತೆ ಹಚ್ಚಬೇಕು, ಒಂದು ಕಟ್ಟು ಬೀಡಿ ಇಡಬೇಕು. ಕಾಲ ಹೋದ ಹಾಗೆ ಬಂಡಿ ಹೋಗಿ ಟೆಂಪೊ ಬಂತು, ಟೆಂಪೊ ಹೋಗಿ ಕಾರು ಬಂತು. ಬೀಡಿ ಮಾತ್ರ ಬದಲಾಗಲಿಲ್ಲ.

ಆ ಹಣತೆ ಹಚ್ಚುವುದು ಪಿಳ್ಳಮ್ಮನ ಪಾಲಿಗೆ ಬಂದದ್ದು ಅವಳ ಇಪ್ಪತ್ಮೂರನೆಯ ವಯಸ್ಸಿಗೆ, ಗಂಡನನ್ನು ಕಳೆದುಕೊಂಡು ತವರಿಗೆ ಬಂದ ವರ್ಷ. ಯಾವ ಶುಭಕ್ಕೂ ಮುಂದೆ ಬರಬಾರದೆಂದು ಹಟ್ಟಿಯ ಹೆಂಗಸರು ಅಂದಾಗ ಅವಳ ಅಪ್ಪ, "ಬೀಡಿ ಸೇದೋ ದೇವರಿಗೆ ಇದೆಲ್ಲ ಲೆಕ್ಕ ಇಲ್ಲ, ನೀನು ಹಚ್ಚು ಮಗಾ" ಎಂದಿದ್ದ. ಅಂದಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ತಪ್ಪಿದ್ದು ಹೋದ ವರ್ಷ ಮಾತ್ರ. ಹುಣ್ಣಿಮೆಗೆ ನಾಲ್ಕು ದಿನ ಇರುವಾಗ, ಹೂವು ತರಲು ಹೋಗಿದ್ದವಳಿಗೆ ತಿರುವಿನಲ್ಲಿ ಸದ್ದಿಲ್ಲದ ಬ್ಯಾಟರಿ ಸ್ಕೂಟರೊಂದು ಗುದ್ದಿ ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯ ಮಂಚದ ಮೇಲೆ ಮಲಗಿ, ಕಿಟಕಿಯ ಕಡೆ ಮುಖ ಮಾಡಿ, "ಮುಂದಿನ ವರ್ಷ ಬತ್ತೀನಪ್ಪಾ, ಉಳಿಸ್ಕೊ" ಅಂದಿದ್ದಳು. ಅವನು ಉಳಿಸಿಕೊಂಡಿದ್ದ. ಈಗ ಇವರು ಹೋಗಬೇಕಿತ್ತು.

"ಬಾಡಿಗೆ ಕಾರು ಮಾಡ್ಕೊಂಡು ಹೋಗ್ಬರೋಣ್ರೀ," ಎಂದಳು ಚಿಕ್ಕಮುನಿಯಪ್ಪನ ಹೆಂಡತಿ ದ್ರೌಪದಮ್ಮ, ಬಾಗಿಲಿಗೆ ತೋರಣ ಕಟ್ಟುತ್ತ.

"ಬಾಡಿಗೆ ಎತ್ತಲ್ಲಿ ಹೋದ್ರೆ ಹರಕೆ ತೀರ್ತದಾ ದ್ರೌಪದಿ?" ಎಂದಳು ಪಿಳ್ಳಮ್ಮ. "ಬೆಂಕಿ ಕೊಟ್ಟಿದ್ದು ನಮ್ಮ ಗಾಡಿಗೆ. ಹೋಗ್ಬೇಕಾಗಿರೋದೂ ನಮ್ಮ ಗಾಡೀನೇ."

ಧರ್ಮೇಂದ್ರನಾದರೂ ಇದ್ದಿದ್ದರೆ ಯಾರನ್ನಾದರೂ ಹಿಡಿದು ತರುತ್ತಿದ್ದ. ಅವನು ಟೊಮೆಟೊ ಖರೀದಿಗೆಂದು ಕೋಲಾರಕ್ಕೆ ಹೋಗಿದ್ದ. ಮನೆಯಲ್ಲಿ ಉಳಿದವಳು ಅವನ ಹೆಂಡತಿ ಧನಲಕ್ಷ್ಮಿ. ಅವರೆಕಾಯಿ ಸುಲಿಯುತ್ತ ಕೂತಿದ್ದವಳು ಸಿಪ್ಪೆಯ ಮೊರವನ್ನು ಪಕ್ಕಕ್ಕಿಟ್ಟು ಎದ್ದುಬಂದಳು.

"ಮಾವ, ನಾನೊಂದ್ಸಲ ನೋಡ್ಲಾ?"

ಧನಲಕ್ಷ್ಮಿ ಲಿಫ್ಟು ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸಕ್ಕಿದ್ದಳು. ದಿನಾ ಬೆಳಿಗ್ಗೆ ಬೂದುಬಣ್ಣದ ಅಂಗಿ ತೊಟ್ಟು, ಬೆನ್ನಿಗೆ ಸಾಮಾನಿನ ಚೀಲ ಹಾಕಿಕೊಂಡು ಹೋಗುತ್ತಿದ್ದಳು. ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಆ ಚೀಲದಲ್ಲಿ ಏನಿದೆಯೆಂದು ಮಾವ ಒಂದು ದಿನವೂ ಕೇಳಿರಲಿಲ್ಲ. ತಾತ್ಸಾರವಲ್ಲ, ಸಂಕೋಚ.

"ಇದು ಲಿಫ್ಟಲ್ಲಮ್ಮ, ಕಾರು."

"ಗೊತ್ತು ಮಾವ. ಲಿಫ್ಟಿಗಾದ್ರೆ ಮೇಲೆ ಹೋಗೋ ಯೋಗ ಇದೆ, ಇದಕ್ಕಿಲ್ಲ." ಪಿಳ್ಳಮ್ಮ ಚಾಪೆಯ ಮೇಲೇ ನಕ್ಕಳು. "ಎರಡು ಬಲ್ಬೂ ಒಂದೇ ಗಳಿಗೇಲಿ ಸಾಯಲ್ಲ ಮಾವ. ಎರಡಕ್ಕೂ ಒಬ್ನೇ ಕರೆಂಟು ಕೊಡ್ತಾನಲ್ಲ, ಅವನನ್ನ ನೋಡ್ಬೇಕು. ರಿಲೇ ಅಂತ."

"ಏನದು?"

ಧನಲಕ್ಷ್ಮಿ ಸ್ವಲ್ಪ ಯೋಚಿಸಿದಳು. "ಮಂಡೀಲಿ ಲಾರಿ ಬಂದಾಗ ನೀವು ಕೂತಲ್ಲಿಂದ್ಲೇ 'ಇಳ್ಸ್ರೋ' ಅಂತಿದ್ರಲ್ಲ, ಮೂಟೆ ನೀವು ಹೊರ್ತಿದ್ರಾ?"

"ನಾನ್ಯಾಕೆ ಹೊರ್ಲಿ? ಹಮಾಲಿಗಳಿರ್ತಿದ್ರು."

"ಸ್ಟೇರಿಂಗ್ ಹತ್ರ ಇರೋ ಸ್ವಿಚ್ಚು ನೀವು. ರಿಲೇ ಹಮಾಲಿ. ನೀವು ಕೂಗಿದ ತಕ್ಷಣ ಒಳಗೆ ಟಕ್ ಅಂತ ಎದ್ದು, ದೊಡ್ಡ ಕರೆಂಟನ್ನ ಅವನು ಹೊತ್ಕೊಂಡು ಲೈಟಿಗೆ ಹಾಕ್ತಾನೆ."

ಚಿಕ್ಕಮುನಿಯಪ್ಪನಿಗೆ ಇದು ತಲೆಗೆ ಹತ್ತಿತು. ಕಾರಿನ ಮೂತಿ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿದ.

ಬ್ಯಾಟರಿಯ ಪಕ್ಕದಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯಿತ್ತು. ಧನಲಕ್ಷ್ಮಿ ಅದರ ಮುಚ್ಚಳ ತೆಗೆದವಳು ಹಾಗೇ ನಿಂತಳು. ಒಳಗೆ ಸಾಲಾಗಿ ನಿಂತಿದ್ದ ಕಪ್ಪು ಚೌಕದ ರಿಲೇಗಳಿಗೆಲ್ಲ ಅರಿಸಿನ ಮೆತ್ತಿ, ಅದರ ಮೇಲೆ ಕುಂಕುಮ ಇಟ್ಟಿತ್ತು. ಸಂದಿಯಲ್ಲಿ ಒಣಗಿದ ಸೇವಂತಿಗೆ ಎಸಳು. ಅಕ್ಷತೆಯ ನಾಲ್ಕು ಕಾಳು.

"ಮಾವ, ಇಲ್ಲಿ ಯಾರದ್ದು ಸೀಮಂತ ಆಗಿರೋದು?"

ಚಿಕ್ಕಮುನಿಯಪ್ಪ ಬಗ್ಗಿ ನೋಡಿ, ತಿರುಗಿ ಹೆಂಡತಿಯನ್ನು ನೋಡಿದ. ಆಯುಧಪೂಜೆಯ ದಿನ ಕಾರಿಗೆ ಪೂಜೆ ಮಾಡಿದವಳು ಅವಳು. ಸ್ಟೇರಿಂಗ್‌ಗೆ, ನಾಲ್ಕು ಚಕ್ರಕ್ಕೆ, ಇಂಜಿನ್‌ಗೆ ಒಂದನ್ನೂ ಬಿಡದೆ ಅರಿಸಿನ ಕುಂಕುಮ ಇಟ್ಟು, ಕಳಸದ ನೀರನ್ನು ಮಾವಿನೆಲೆಯಿಂದ ಚಿಮುಕಿಸಿದ್ದಳು.

"ಲೇ, ಇದಕ್ಕೂ ಇಟ್ಟಿದ್ಯೇನೇ? ಕರೆಂಟಿಗೆ ನೀರು ಹುಯ್ತಾರಾ ಯಾರಾದ್ರೂ?"

ದ್ರೌಪದಮ್ಮನ ಕೈಯಲ್ಲಿದ್ದ ಮಾವಿನೆಲೆ ಹಾಗೇ ನಿಂತಿತು. "ನಾನು ಇಟ್ಟೆ. ಮುಚ್ಚಳ ತೆಗ್ದು ತೋರ್ಸಿದ್ದು ಯಾರು?"

ಚಿಕ್ಕಮುನಿಯಪ್ಪನಿಗೆ ನೆನಪಾಯಿತು. ಪೂಜೆಯೆಲ್ಲ ಮುಗಿದ ಮೇಲೆ ತಾನೇ ಉಗುರಿನಿಂದ ಮುಚ್ಚಳ ಎತ್ತಿ, "ಎಲ್ಲಕ್ಕೂ ಇಟ್ಟು ಇದಕ್ಕೊಂದಕ್ಕೆ ಯಾಕೆ ಮೋಸ ಮಾಡ್ತೀಯ, ಇಡು" ಎಂದಿದ್ದ. ಅವನು ಕೆಮ್ಮಿದ.

"ಹೌದು. ನಾನೇ."

"ಅವನನ್ನ ಯಾಕೆ ಅಂತೀರ," ಎಂದಳು ಪಿಳ್ಳಮ್ಮ ಜಗಲಿಯಿಂದ. "ಅಪ್ಪ ಬಂಡೀ ಚಕ್ರದ ಕಡಾಣಿಗೂ ಅರಿಸಿನ ಇಡ್ತಿದ್ದ, ಒಳಗಿರೋದನ್ನೂ ಬಿಡ್ಬೇಡ ಅಂತ ಅವತ್ತು ಹೇಳಿದ್ದು ನಾನು."

ಹೀಗೆ ತಪ್ಪು ಮನೆಯವರನ್ನೆಲ್ಲ ಒಂದು ಸುತ್ತು ಸುತ್ತಿತು. ಎಲ್ಲರೂ ತಾನು ತಾನೆಂದು ಕೈಚಾಚಿದ್ದರಿಂದ ಕೂರಲು ಜಾಗ ಸಿಗದೆ ಗೇಟಿನಾಚೆ ಹೋಯಿತು. ಆದರೆ ದ್ರೌಪದಮ್ಮನ ಮುಖ ಇಳಿದೇ ಇತ್ತು.

"ಭಕ್ತಿಯಿಂದ ಇಟ್ಟಿದ್ದೂ ಕೆಡುಸ್ತದಾ ಧನಾ?"

"ಅರಿಸಿನ ಕೆಡ್ಸಿಲ್ಲ ಅತ್ತೆ. ಜೊತೇಲಿ ಹೋದ ನೀರು ಕೆಡ್ಸಿದೆ. ನೋಡಿ, ಇದರ ತಲೆ ಮೇಲೆ ಸೂಜಿಮೊನೆಯಷ್ಟು ತೂತಿದೆ. ಎಲ್ಲಕ್ಕಿಂತ ಮುಂದೆ ಇದ್ದಿದ್ದು ಇದೇ, ಜಾಸ್ತಿ ತೀರ್ಥ ಸಿಕ್ಕಿದ್ದೂ ಇದಕ್ಕೇ." ಧನಲಕ್ಷ್ಮಿ ಮಾವನ ಕಡೆ ತಿರುಗಿದಳು. "ಲೈಟ್ ಹಾಕಿ ಮಾವ."

ಚಿಕ್ಕಮುನಿಯಪ್ಪ ಒಳಗೆ ಕೂತು ಸ್ವಿಚ್ಚು ತಿರುಗಿಸಿದ. ಟಕ್ ಎಂದಿತು. ಬೆಳಕಿಲ್ಲ.

"ಹಮಾಲಿ ಎದ್ದ. ಮೂಟೆ ಮಾತ್ರ ಎತ್ತಲಿಲ್ಲ," ಎಂದಳು ಧನಲಕ್ಷ್ಮಿ. ಸ್ವಿಚ್ಚು ಆರಿಸಲು ಹೇಳಿ, ಆ ರಿಲೇಯನ್ನು ಹಲ್ಲು ಕೀಳುವ ಹಾಗೆ ಅಲ್ಲಾಡಿಸಿ ಕಿತ್ತಳು. ಪಕ್ಕದ ಸಾಲಿನಲ್ಲಿ ಅದರ ಅವಳಿಯಂತೆ ಇನ್ನೊಂದಿತ್ತು, ಹಾರ್ನಿನದು. ಅದನ್ನು ಕಿತ್ತು ಹೆಡ್‌ಲೈಟಿನ ಜಾಗಕ್ಕೆ ಕೂರಿಸಿದಳು. "ಈಗ ಹಾಕಿ."

ಎದುರಿನ ಗೋಡೆಯ ಮೇಲೆ, ಬಿಸಿಲಿನಲ್ಲೂ ಕಾಣುವಂತೆ, ಎರಡು ದುಂಡು ಬೆಳಕು ಬಿದ್ದವು.

"ಬಂತಾ?" ಎಂದಳು ಪಿಳ್ಳಮ್ಮ.

"ಬಂತು ಅಜ್ಜಿ."

"ಹಾಗಾದ್ರೆ ಹೋಗೋದೇ!" ಚಿಕ್ಕಮುನಿಯಪ್ಪ ಸಂತೋಷದಲ್ಲಿ ಹಾರ್ನ್ ಒತ್ತಿದ. ಕಾರು ಸುಮ್ಮನಿತ್ತು. ಇನ್ನೊಮ್ಮೆ ಒತ್ತಿದ. ಗೇಟಿನ ಮೇಲೆ ಕೂತಿದ್ದ ಕಾಗೆಯೂ ಕದಲಲಿಲ್ಲ.

"ಅವನನ್ನ ಲೈಟಿನ ಕೆಲ್ಸಕ್ಕೆ ಹಾಕಿದ್ವಲ್ಲ ಮಾವ. ಈಗ ಹಾರ್ನಿಗೆ ಆಳಿಲ್ಲ. ಹಾರ್ನ್ ಇಲ್ದೆ ನಿಧಾನವಾಗಿ ಹೋಗ್ಬರೋಕೆ ಆಗುತ್ತಾ?"

ಚಿಕ್ಕಮುನಿಯಪ್ಪ ಕಾರಿನಿಂದ ಇಳಿದ. "ಇಲ್ಲಮ್ಮ," ಎಂದ. "ಸದ್ದಿಲ್ದೆ ಬಂದ ಗಾಡಿ ಅಕ್ಕನ್ನ ಏನ್ಮಾಡ್ತು ಅಂತ ಈ ಕಣ್ಣಲ್ಲಿ ನೋಡಿದೀನಿ. ನಾನು ಅಂಥ ಗಾಡಿ ರಸ್ತೆಗೆ ತೆಗ್ಯಲ್ಲ."

ಧನಲಕ್ಷ್ಮಿ ಕೆಟ್ಟ ರಿಲೇಯನ್ನು ಅಂಗೈಯಲ್ಲಿಟ್ಟು ನೋಡಿದಳು. "ಅಂಗಡಿ ಇಲ್ಲ. ಹಾಗಾದ್ರೆ ಇವನನ್ನೇ ಎಬ್ಬಿಸ್ಬೇಕು."

ಆಗ ಹನ್ನೊಂದೂವರೆ. ನಾಲ್ಕಕ್ಕೆ ಹೊರಟರೆ ಮುಸ್ಸಂಜೆಗೆ ಕಲ್ಲಿನ ಹತ್ತಿರವಿರಬಹುದು.

ಜಗಲಿಯ ಮೇಲೆ ಒಂದು ಹಳೆಯ ಬಿಳಿ ಪಂಚೆ ಹಾಸಿ, ಸೊಸೆ ತನ್ನ ಚೀಲ ಬಿಚ್ಚಿದಳು. ಚಿಕ್ಕಮುನಿಯಪ್ಪ ಮೊದಲ ಸಲ ಅದರೊಳಗೆ ನೋಡಿದ. ಸ್ಕ್ರೂಡ್ರೈವರುಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಒಂದು ಮೀಟರು, ಬಣ್ಣಬಣ್ಣದ ವೈರು, ಚಿಮಟ, ಒಳಗಿನ ಜೇಬಿನಲ್ಲಿ ಪುಟ್ಟದೊಂದು ಗಣಪತಿ ಚಿತ್ರ. ದೇವರ ಗೂಡಿನಷ್ಟೇ ಒಪ್ಪವಾಗಿತ್ತು. ಮಂಡಿಯ ಗಲ್ಲಾದಲ್ಲಿ ತಾನೂ ಅಂಥದೇ ಒಂದು ಚಿತ್ರ ಇಟ್ಟಿದ್ದು ಅವನಿಗೆ ನೆನಪಾಯಿತು.

"ಬುಡದ ಸುತ್ತ ಬ್ಲೇಡು ಆಡ್ಸಿ, ಮೆಲ್ಲಗೆ ಮುಚ್ಚಳ ಎತ್ಬೇಕು. ಒಳಗೆ..."

"ಕೊಡಮ್ಮ, ಅಷ್ಟು ನಾನೂ ಮಾಡ್ತೀನಿ," ಎಂದ ಚಿಕ್ಕಮುನಿಯಪ್ಪ. ಎಲ್ಲವನ್ನೂ ಸೊಸೆಯೇ ಮಾಡಿದರೆ ಹುಣ್ಣಿಮೆಗೆ ತನ್ನ ಕೈ ಹತ್ತಲಿಲ್ಲವಲ್ಲ ಎಂದು ಅವನಿಗೆ. ಗಡ್ಡದ ಬ್ಲೇಡು ತಂದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಸುತ್ತಲೂ ಕೊರೆದ. ಮುಚ್ಚಳ ಕದಲಿತು. ಇನ್ನೊಂದು ಮೂಲೆ ಹಿಡಿದುಕೊಂಡಿತ್ತು. ತೆಂಗಿನಕಾಯಿ ಜುಟ್ಟು ಕಿತ್ತ ಹಾಗೆ ಒಂದು ಜಗ್ಗು ಜಗ್ಗಿದ.

ಟಿಣ್ ಎಂದು ಏನೋ ಹಾರಿತು.

"ಒಳಗೆ ಸ್ಪ್ರಿಂಗಿರುತ್ತೆ ಮಾವ," ಎಂದು ಧನಲಕ್ಷ್ಮಿ ಆಗಲೇ ಶುರುಮಾಡಿದ್ದ ಮಾತನ್ನು ಮುಗಿಸಿದಳು.

ಅಕ್ಕಿಕಾಳಿನಷ್ಟು ಉದ್ದ, ಕೂದಲಿನಂಥ ತಂತಿ. ಎದ್ದ ಹಮಾಲಿಯನ್ನು ಮತ್ತೆ ಕೂರಿಸುವುದು ಆ ಸ್ಪ್ರಿಂಗು. ಅದಿಲ್ಲದಿದ್ದರೆ ಹಾರ್ನು ಒಮ್ಮೆ ಕೂಗಿದ್ದು ನಿಲ್ಲುವುದೇ ಇಲ್ಲ. ಮೂವರೂ ನೆಲಕ್ಕೆ ಬಿದ್ದರು. ದ್ರೌಪದಮ್ಮ ಹಿಡಿಗಂಟು ಪೊರಕೆ ತಂದು ಜಗಲಿಯನ್ನು ಬೆರಳಗಲ ಬೆರಳಗಲ ಗುಡಿಸಿದಳು. ಧನಲಕ್ಷ್ಮಿ ಅವರೆ ಸಿಪ್ಪೆಯ ಮೊರವನ್ನು ಒಂದೊಂದಾಗಿ ಜಾಲಾಡಿದಳು. ಚಿಕ್ಕಮುನಿಯಪ್ಪ ರಂಗೋಲಿಯ ಮೇಲೆ ಮಂಡಿಯೂರಿ, ದೊಡ್ಡ ಗಣಪತಿಗೆ ಒಂದು ಈಡುಗಾಯಿ ಹರಸಿಕೊಂಡ. ಅರ್ಧ ಗಂಟೆಯಾದ ಮೇಲೆ ಅದನ್ನು ಮೂರಕ್ಕೇರಿಸಿದ. ಪಕ್ಕದ ಮನೆಯ ಶ್ರೀನಿವಾಸಯ್ಯನವರು ಹಾಲಿನ ಪ್ಯಾಕೆಟ್ಟು ಹಿಡಿದು ಹೋಗುತ್ತ ಗೇಟಿನಲ್ಲಿ ನಿಂತರು.

"ಏನ್ರೀ ಮುನಿಯಪ್ಪ, ಮೂಗುಬೊಟ್ಟು ಕಳೀತೇನು?"

"ಹೂಂ ಸ್ವಾಮಿ. ಕಾರಿಂದು."

ಶ್ರೀನಿವಾಸಯ್ಯನವರು ಕಾರನ್ನೊಮ್ಮೆ, ಅದರ ಹೊಟ್ಟೆಯೊಳಗಿನ ಕುಂಕುಮವನ್ನೊಮ್ಮೆ ನೋಡಿ, ಹೆಚ್ಚು ಕೇಳದೆ ಹೋದರು.

ಒಂದು ಗಂಟೆಯಾಯಿತು. ಊಟಕ್ಕೆ ಯಾರೂ ಏಳಲಿಲ್ಲ. ಎರಡಾಯಿತು. ಚಿಕ್ಕಮುನಿಯಪ್ಪ ಮೆಟ್ಟಿಲ ಮೇಲೆ ಕೂತು ತನ್ನ ಕೈಗಳನ್ನೇ ನೋಡಿಕೊಂಡ. ಸಾವಿರಾರು ಮೂಟೆಗಳ ಬಾಯಿ ಬಿಚ್ಚಿದ ಕೈ. ಟೊಮೆಟೊ ಮುಟ್ಟಿ ನಾಳೆ ಹಣ್ಣಾಗುತ್ತದೋ ನಾಡಿದ್ದೋ ಎಂದು ಹೇಳುತ್ತಿದ್ದ ಕೈ. ಇವತ್ತು ಒಂದು ಕೂದಲಿಗೆ ಸೋತಿತ್ತು.

"ಅಕ್ಕ," ಎಂದ. "ಈ ವರ್ಷಾನೂ ತಪ್ಪಿಸಿದ್ನೇನೋ ನಾನು."

ಅಷ್ಟು ಹೊತ್ತೂ ಪಿಳ್ಳಮ್ಮ ಕೂತಲ್ಲೇ ಕೂತು, ಸಂಜೆಗೆ ಹೋಗುವವಳ ಹಾಗೆಯೇ ಬತ್ತಿ ಹೊಸೆಯುತ್ತಿದ್ದಳು. ಬಲ ಅಂಗೈಯಿಂದ ಮೊಣಕಾಲಿನ ಮೇಲೆ ಒಂದು ಎಳೆತ, ಒಂದು ಬತ್ತಿ. ಈಗ ಆ ಕೈ ಅರ್ಧಕ್ಕೆ ನಿಂತಿತು. ಹೆಬ್ಬೆರಳು, ತೋರುಬೆರಳು ಏನನ್ನೋ ತಿರುವಿ ನೋಡಿದವು.

"ಧನಾ, ಇಲ್ಬಾ. ಎಷ್ಟು ಬಿಡಿಸಿದ್ರೂ ಹತ್ತೀಲಿ ಬೀಜ ಉಳ್ಕೊಂಡೈತೆ ನೋಡು. ಬೀಜ ಇದ್ರೆ ದೀಪ ಚಟಚಟ ಅನ್ನತದೆ, ತೆಗೀ."

ಧನಲಕ್ಷ್ಮಿ ಆ ಬತ್ತಿಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು. ಬಿಳಿಯ ಹತ್ತಿಯ ನಡುವೆ ಸಣ್ಣದೊಂದು ಸುರುಳಿ ಮಿಂಚಿತು.

"ಅಜ್ಜೀ!" ಎಂದು ಕೂಗಿ ಅವಳು ಮುದುಕಿಯ ಎರಡೂ ಕೆನ್ನೆ ಹಿಡಿದಳು. "ಕಣ್ಣಿರೋ ಮೂರು ಜನ ಗುಡಿಸಿ ಗುಡಿಸಿ ಸುಸ್ತಾದ್ವಿ!"

"ಹುಡುಕ್ತಾ ಇದ್ರೆ ಎಲ್ಲಿ ಸಿಗ್ತೈತೆ? ಕೆಲ್ಸ ಮಾಡ್ತಾ ಇರ್ಬೇಕು," ಎಂದು ಪಿಳ್ಳಮ್ಮ ಇನ್ನೊಂದು ಎಳೆ ಹತ್ತಿ ತೆಗೆದುಕೊಂಡಳು.

ಇನ್ನು ಮುಂದಿನದನ್ನು ಚಿಕ್ಕಮುನಿಯಪ್ಪ ಸೊಸೆಯ ಕೈಗೇ ಬಿಟ್ಟ. ಅವಳು ಬೇಡಿದ್ದನ್ನು ಬೇಡಿದಾಗ ಎತ್ತಿ ಕೊಡುತ್ತ ಪಕ್ಕದಲ್ಲಿ ಕೂತ. ಬಿಚ್ಚಿದ ರಿಲೇಯೊಳಗೆ ತಾಮ್ರದ ತಂತಿ ಸುತ್ತಿದ ಪುಟ್ಟ ಬೊಂಬೆ, ಅದರ ತಲೆಯ ಮೇಲೆ ಒಂದು ಕಬ್ಬಿಣದ ಪಟ್ಟಿ. ಪಟ್ಟಿ ಇಳಿದಾಗ ಎರಡು ಲೋಹದ ಚುಕ್ಕೆ ಒಂದಕ್ಕೊಂದು ತಾಗಬೇಕು. ಚುಕ್ಕೆಗಳು ಎಳ್ಳಿನಂತೆ ಕಪ್ಪಾಗಿದ್ದವು. ಅವುಗಳ ನಡುವೆ ಹಳದಿ, ಕೆಂಪಿನ ಒಂದು ತೆಳು ಪೊರೆ. ಕಾಲುಗಳಿಗೆ ಹಸಿರು ಕಿಲುಬು.

"ನೋಡಿ ಮಾವ. ತಾಗ್ತಾ ಇದಾರೆ, ಮಧ್ಯೆ ಈ ಪರದೆ."

ಅವಳು ನುಣ್ಣನೆಯ ಉಪ್ಪುಕಾಗದವನ್ನು ದಾರದಷ್ಟು ಅಗಲಕ್ಕೆ ಕತ್ತರಿಸಿ, ಚುಕ್ಕೆಗಳ ನಡುವೆ ತೂರಿಸಿ, ಮಗುವಿನ ಹಲ್ಲು ಉಜ್ಜುವ ಹಾಗೆ ನಾಲ್ಕು ಸಲ ಎಳೆದಳು. ಕೊರೋನಾ ಕಾಲದಿಂದ ಉಳಿದಿದ್ದ ಕೈ ತೊಳೆಯುವ ಸ್ಪಿರಿಟ್ಟನ್ನು ಬತ್ತಿಗೆ ಹಚ್ಚಿ ಒರೆಸಿದಳು. ಬತ್ತಿ ಪಿಳ್ಳಮ್ಮನದೇ. ಚುಕ್ಕೆಗಳು ಹೊಸ ಬೆಳ್ಳಿಯಂತೆ ಹೊಳೆದವು. ಚಿಮಟದಲ್ಲಿ ಸ್ಪ್ರಿಂಗನ್ನು ಹಿಡಿದು, ಉಸಿರು ಕಟ್ಟಿ, ಅದರ ಕೊಕ್ಕೆಗೆ ಸಿಕ್ಕಿಸಿದಳು. ಬ್ಯಾಟರಿಯಿಂದ ಎರಡು ವೈರು ಎಳೆದು ಮುಟ್ಟಿಸಿದಾಗ ಟಕ್ ಎಂದಿತು. ಮೀಟರು ಕುಂಯ್ ಎಂದಿತು. ವೈರು ತೆಗೆದಾಗ ಟಕ್ ಎಂದು ಮತ್ತೆ ಕೂತಿತು.

"ಎದ್ದ," ಎಂದ ಚಿಕ್ಕಮುನಿಯಪ್ಪ, ಪಿಸುಮಾತಿನಲ್ಲಿ.

ಪೆಟ್ಟಿಗೆಯೊಳಗಿನ ಅರಿಸಿನ ಕುಂಕುಮವನ್ನು ತೆಗೆಯುವ ಕೆಲಸವನ್ನು ದ್ರೌಪದಮ್ಮನೇ ಕೇಳಿ ತೆಗೆದುಕೊಂಡಳು. ಒಣ ಬಟ್ಟೆಯಲ್ಲಿ ಒಂದೊಂದನ್ನೂ ಒರೆಸಿ, ಆ ಪುಡಿಯನ್ನು ಕೆಳಗೆ ಚೆಲ್ಲದೆ ತುಳಸಿಯ ಬುಡಕ್ಕೆ ಹಾಕಿದಳು.

"ಮಾವ, ಯಾವುದನ್ನ ಎಲ್ಲಿಗೆ ಹಾಕೋಣ?" ಧನಲಕ್ಷ್ಮಿ ಎರಡು ರಿಲೇಗಳನ್ನೂ ಎರಡು ಅಂಗೈಯಲ್ಲಿ ಹಿಡಿದು ಕೇಳಿದಳು. ಅವಳಿಗೆ ಉತ್ತರ ಗೊತ್ತಿತ್ತು. ಆದರೂ ಕೇಳಿದಳು.

ಚಿಕ್ಕಮುನಿಯಪ್ಪ ಎರಡನ್ನೂ ನೋಡಿದ. "ಇವನು ಈಗ ತಾನೇ ಆಸ್ಪತ್ರೆಯಿಂದ ಬಂದವನು. ಬೆಳಕಿನ ಭಾರ ಬೇಡ. ಕೂಗೋ ಕೆಲ್ಸ ಕೊಡು. ಬೆಳಕಿಗೆ ಗಟ್ಟಿಮುಟ್ಟಾದವನೇ ಇರ್ಲಿ."

"ನಾನೂ ಅದನ್ನೇ ಅಂದ್ಕೊಂಡೆ ಮಾವ."

ಹಾಗೇ ಆಯಿತು. ಹೆಡ್‌ಲೈಟು ಉರಿಯಿತು, ಹಾರ್ನು ಕೂಗಿತು, ಕಾಗೆ ಹಾರಿತು. ಎಲ್ಲರೂ ನಿಂತೇ ಎರಡು ತುತ್ತು ಉಂಡರು. ಜೀವಮಾನದಲ್ಲಿ ಒಂದೂ ಬೀಡಿ ಸೇದದ ಚಿಕ್ಕಮುನಿಯಪ್ಪ ಮೂಲೆಯಂಗಡಿಗೆ ಹೋಗಿ, ವರ್ಷಕ್ಕೊಮ್ಮೆ ಕೇಳುವ ನಾಚಿಕೆಯಲ್ಲೇ, ಒಂದು ಕಟ್ಟು ಬೀಡಿ ತಂದ. ನಾಲ್ಕೂಕಾಲಕ್ಕೆ ಕಾರು ಗೇಟು ದಾಟಿತು.

ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಿನ ಹತ್ತಿರ ಬರುವ ಹೊತ್ತಿಗೆ ಹಾರ್ನು ಹದಿನೈದು ಇಪ್ಪತ್ತು ಸಲ ಕೂಗಿತ್ತು. ಅಲ್ಲಿ ಒಂದು ಆಟೊ ಅಡ್ಡ ನಿಂತಿತ್ತು. ಚಿಕ್ಕಮುನಿಯಪ್ಪ ಒತ್ತಿದ. ಕೊರ್ ಎಂದು ಅರ್ಧ ಕೂಗಿ ನಿಂತಿತು. ಇನ್ನೊಮ್ಮೆ ಒತ್ತಿದ. ಇಲ್ಲ. ಹಿಂದಿನಿಂದ ಬಸ್ಸು, ಪಕ್ಕದಲ್ಲಿ ಕೈಗಾಡಿ.

"ಧನಾ, ಏನ್ಮಾಡೋಣಮ್ಮ? ವಾಪಸ್ಸು ತಿರುಗ್ಸೋಣ್ವಾ?"

ಅವಳು ಏನಾದರೂ ಹೇಳುವ ಮುಂಚೆ ಮುಂದಿನ ಸೀಟಿನಲ್ಲಿ ಗಂಟೆ ಬಾರಿಸಿತು. ಪಿಳ್ಳಮ್ಮ ಪೂಜೆಯ ಬುಟ್ಟಿಯಿಂದ ಹಿತ್ತಾಳೆಯ ಕೈಗಂಟೆ ತೆಗೆದು, ಕಿಟಕಿಯಾಚೆ ಕೈ ಚಾಚಿ, ಮಹಾಮಂಗಳಾರತಿಯ ಜೋರಿನಲ್ಲಿ ಅಲ್ಲಾಡಿಸುತ್ತಿದ್ದಳು. ಆಟೊದವನು ಬೆಚ್ಚಿ ತಿರುಗಿದ. ಅಭ್ಯಾಸಬಲದಿಂದ ಒಂದು ಕೈ ಎದೆಗೆ ಹೋಯಿತು. ಆಮೇಲೆ ಕಾರು ಕಂಡಿತು.

"ಏನಜ್ಜಿ, ಇದು ಗಾಡೀನಾ, ಗುಡೀನಾ?"

"ಗುಡಿಗೆ ಹೋಗೋ ಗಾಡಿ ಕಣಪ್ಪಾ. ದಾರಿ ಬಿಡು, ನಿಂಗೂ ಪುಣ್ಯ ಬರ್ತೈತೆ."

"ಹೋಗಿ ತಾಯಿ, ನಮ್ದೂ ಒಂದು ಅರ್ಜಿ ಹಾಕ್ಬಿಡಿ!" ಎಂದು ಅವನು ಆಟೊ ಸರಿಸಿ, ಮುಂದಿದ್ದವನಿಗೂ ಸರಿಯುವಂತೆ ಕೂಗಿದ.

ಚಿಕ್ಕಮುನಿಯಪ್ಪ ಕಾರನ್ನು ನಿಧಾನವಾಗಿ ಮುಂದೆ ಬಿಟ್ಟ. ಸದ್ದಿಲ್ಲದ ಗಾಡಿ ತೆಗೆಯುವುದಿಲ್ಲ ಎಂದಿದ್ದ. ಈ ಗಾಡಿಗೆ ಈಗ ಸದ್ದಿರಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಊರು ದಾಟುವವರೆಗೂ ಪ್ರತಿ ತಿರುವಿನಲ್ಲಿ ಅಕ್ಕನ ಗಂಟೆ ಬಾರಿಸುತ್ತಲೇ ಇತ್ತು. ಕೈ ಸೋತಾಗ ಹಿಂದಿನಿಂದ ದ್ರೌಪದಮ್ಮ ಇಸಿದುಕೊಂಡು ಬಾರಿಸಿದಳು.

ದೊಡ್ಡ ರಸ್ತೆ ಬಿಟ್ಟು ಮಣ್ಣಿನ ದಾರಿಗೆ ತಿರುಗಿದಾಗ ಸೂರ್ಯ ಮುಳುಗಿದ್ದ. ಎರಡೂ ಕಡೆ ಲೇಔಟಿನ ಕಾಂಪೌಂಡು ಗೋಡೆಗಳು ಎದ್ದಿದ್ದವು. ಅವುಗಳ ನಡುವೆ, ಯಾರೂ ಮುಟ್ಟದೆ ಬಿಟ್ಟ ತುಂಡು ಜಾಗದಲ್ಲಿ, ಒಂದು ಹುಣಸೆಮರ. ಅದರ ಬುಡದಲ್ಲಿ ಕಲ್ಲು. ಚಿಕ್ಕಮುನಿಯಪ್ಪ ಮನಸ್ಸಿನಲ್ಲೇ ಕೈಮುಗಿದು ಸ್ವಿಚ್ಚು ತಿರುಗಿಸಿದ. ಟಕ್ ಎಂದಿತು. ಎರಡು ಬೆಳಕು ಜೊತೆಯಾಗಿ ದಾರಿಗೆ ಇಳಿದು, ಗುಂಡಿಗಳನ್ನು ದಾಟಿ, ಕಲ್ಲಿನ ಮೇಲೆ ಹೋಗಿ ನಿಂತವು.

"ಹತ್ತಿದ್ಯೇನೋ ಚಿಕ್ಕಾ?"

"ಹತ್ತಿದೆ ಅಕ್ಕ."

"ಹೂಂ," ಎಂದಳು ಪಿಳ್ಳಮ್ಮ. ಮುಂದೆ ನೋಡುತ್ತಿದ್ದಳು. "ನಂಗೂ ಕಾಣ್ತೈತೆ. ಬೆಳ್ಳಗೆ."

ಧನಲಕ್ಷ್ಮಿಯ ತೋಳು ಹಿಡಿದು ಅವಳು ಇಳಿದಳು. ಹೆಡ್‌ಲೈಟಿನ ಬೆಳಕಿನಲ್ಲಿ ಅವಳ ನೆರಳು ಮುಂದೆ ಮುಂದೆ ನಡೆದು ಅವಳಿಗಿಂತ ಮೊದಲು ಕಲ್ಲನ್ನು ಮುಟ್ಟಿತು. ಕೈಯಿಂದ ತಡವಿ ಹಣತೆಯ ಗೂಡು ಹುಡುಕಿಕೊಂಡಳು. ಎಣ್ಣೆ ಹಾಕಿದಳು, ಬತ್ತಿ ಇಟ್ಟಳು. ದ್ರೌಪದಮ್ಮ ಗೀರಿದ ಕಡ್ಡಿಯನ್ನು ಅವಳ ಕೈಯೊಳಗೆ ಇಟ್ಟು, ಗಾಳಿಗೆ ಸೆರಗು ಮರೆ ಹಿಡಿದಳು. ಬತ್ತಿ ಚಟಚಟ ಎನ್ನದೆ, ಒಂದೇ ಸಮನೆ, ನೇರವಾಗಿ ಹತ್ತಿಕೊಂಡಿತು.

ಚಿಕ್ಕಮುನಿಯಪ್ಪ ಬೀಡಿಯ ಕಟ್ಟು ಇಟ್ಟ. ಎರಡು ವರ್ಷದ್ದನ್ನೂ ನೆನೆದು ನಾಲ್ವರೂ ಕೈಮುಗಿದರು. ಪಿಳ್ಳಮ್ಮನ ತುಟಿ ಅಲ್ಲಾಡುತ್ತಿತ್ತು. ಕೊನೆಯಲ್ಲಿ ಆಟೊದವನ ಅರ್ಜಿಯನ್ನೂ ಸೇರಿಸಿದಳೆಂದು ಅವಳೇ ಆಮೇಲೆ ಹೇಳಿದಳು. ಹುಣಸೆಮರದ ಹಿಂದಿನಿಂದ ಚಂದ್ರ ಬಂದ.

ಕಲ್ಲಿಗೆ ಕುಂಕುಮವಿಟ್ಟ ಬೆರಳನ್ನು ಎತ್ತಿ ಹಿಡಿದುಕೊಂಡೇ ಪಿಳ್ಳಮ್ಮ ಕಾರಿನ ಕಡೆ ತಿರುಗಿದಳು.

"ಇನ್ನು ಗಾಡಿಗೆ. ಎಲ್ಲಿ ಧನಾ, ಆ ಡಬ್ಬಿ? ಪಾಪ, ಬೆಳಿಗ್ಗೆಯಿಂದ ಅದೇ ಕಷ್ಟ ಪಟ್ಟಿರೋದು."

ಚಿಕ್ಕಮುನಿಯಪ್ಪನೂ ದ್ರೌಪದಮ್ಮನೂ ಒಬ್ಬರ ಮುಖ ಒಬ್ಬರು ನೋಡಿದರು. ಧನಲಕ್ಷ್ಮಿ ಕಾರಿನ ಮೂತಿ ಎತ್ತಿದಳು. ಪೆಟ್ಟಿಗೆಯ ಮುಚ್ಚಳವನ್ನು ಎರಡು ಸಲ ಒತ್ತಿ, ಭದ್ರವಾಗಿ ಕೂತಿದೆಯೆಂದು ನೋಡಿಕೊಂಡಳು. ಆಮೇಲೆ ಅಜ್ಜಿಯ ಕೈ ಹಿಡಿದು, ಆ ಕೆಂಪು ಬೆರಳನ್ನು ಮುಚ್ಚಳದ ಮೇಲೆ, ಸರಿಯಾಗಿ ನಡುವೆ ತಂದು ಇರಿಸಿದಳು.

"ಇಲ್ಲಿ ಅಜ್ಜಿ. ಒಣಾ ಕುಂಕುಮ. ಒಂದೇ ಬೊಟ್ಟು."

"ಒಂದೇನಾ?"

"ಒಂದೇ."

ಪಿಳ್ಳಮ್ಮ ಒಂದೇ ಇಟ್ಟಳು. ಸ್ವಲ್ಪ ದೊಡ್ಡದಾಗಿಯೇ ಇಟ್ಟಳು.